ರಕ್ತವನ್ನು ತಡೆದು ಬಲವನ್ನು ಬೆಳೆಸಬಹುದೆ?

ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುವುದೆಂಬುದನ್ನು ಎಲ್ಲರೂ ಬಲ್ಲರು. ಬಳಸದ ಮಾಂಸಖಂಡವು ಕುಡುಗೋಲಿಗಿಂತಲೂ ಬೇಗ ಕೆಡುವುದೆಂಬುದನ್ನು ಬಲ್ಲವರು ಕಡಿಮೆ. ಮೂಳೆ ಮುರಿದ ಕಾಲನ್ನು ಕೆಲವು ವಾರ ಪ್ಲಾಸ್ಟರಿನಲ್ಲಿಟ್ಟು ಹೊರತೆಗೆದಾಗ ಅದು ತನ್ನ ಜೊತೆಗಾರ ಕಾಲಿಗಿಂತ ಎಷ್ಟು ಬಡವಾಗಿರುವುದೆಂಬುದನ್ನು ನೋಡಿದವರು ಬೆರಗಾಗುತ್ತಾರೆ. ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ನಗರದ ವಿಜ್ಞಾನಿಗಳು ಆರೋಗ್ಯವಂತರಾದ ತರುಣರ ಕಾಲನ್ನೇ ಪ್ಲಾಸ್ಟರಿನಲ್ಲಿಟ್ಟು ಈ ಸವೆತವನ್ನು ಅಳೆದು 2014ರಲ್ಲಿ ಪ್ರಕಟಿಸಿದರು. ಐದು ದಿನಗಳಲ್ಲಿ ತೊಡೆಯ ಮುಂಭಾಗದ ಮಾಂಸಖಂಡದ ಗಾತ್ರ ನೂರಕ್ಕೆ 3.5ರಷ್ಟೂ, ಹದಿನಾಲ್ಕು ದಿನಗಳಲ್ಲಿ 8.4ರಷ್ಟೂ ಕುಗ್ಗಿತ್ತು. ಬಲದ ನಷ್ಟವಾದರೋ ಇದಕ್ಕಿಂತ ಬಹಳ ಹೆಚ್ಚು: ಐದು ದಿನಕ್ಕೆ ನೂರಕ್ಕೆ 9, ಹದಿನಾಲ್ಕು ದಿನಕ್ಕೆ ಸುಮಾರು 23. ಗಾಯವಾಗಲಿ ರೋಗವಾಗಲಿ ಇಲ್ಲದ, ಹೊಟ್ಟೆತುಂಬ ಊಟವಿದ್ದ ತರುಣರ ಪಾಡು ಇದು. ಹೀಗಿರುವಲ್ಲಿ ಅರವತ್ತು ದಾಟಿದವರ, ನೋವಿನಿಂದ ನರಳುವವರ ಪಾಡು ಏನಾಗಬಹುದೆಂಬುದನ್ನು ಓದುಗರೇ ಊಹಿಸಬಹುದು.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆ ಎಂಬ ಹೋಬಳಿಯ ಊರಿದೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ಮಳೆಯನ್ನೇ ನಂಬಿದ ಬಯಲುಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಜೋಳ ಇಲ್ಲಿಯ ಬೆಳೆಗಳು. ಬರಗಾಲ ಈ ನೆಲಕ್ಕೆ ಹೊಸದಲ್ಲ. ಇಂಥ ಊರಿನಲ್ಲಿ ಮನುಷ್ಯನ ಕೈಕಾಲೇ ಅವನ ಬಂಡವಾಳ. ಎತ್ತು ಕುಂಟಿದರೆ ಹೇಗೋ ಬೇರೊಂದು ಎತ್ತನ್ನು ಕಟ್ಟಬಹುದು. ಒಡೆಯನೇ ಕುಂಟಿದರೆ ಮನೆಯೇ ಕುಂಟುತ್ತದೆ. ಬೈಕಿನಿಂದ ಬಿದ್ದು ಮೊಣಕಾಲಿಗೆ ಪೆಟ್ಟಾದ ರೈತನಾಗಲಿ, ತಲೆಹೊರೆಯೊಡನೆ ಜಾರಿಬಿದ್ದ ಕೂಲಿಯ ಹೆಂಗಸಾಗಲಿ ಪಟ್ಟಣದ ಆಸ್ಪತ್ರೆಗೆ ಹೋದರೆ ಮೂಳೆಯನ್ನು ಕೂಡಿಸಿ ಕಳುಹಿಸುತ್ತಾರೆ. ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜು ಇದೆ. ಚಿಗಟೇರಿಯವರ ಹೆಸರಿನ ಜಿಲ್ಲಾಸ್ಪತ್ರೆ ಇದೆ. ಶಸ್ತ್ರವೈದ್ಯರ ಕೌಶಲಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದರ ಮುಂದಿನ ಅಧ್ಯಾಯದಲ್ಲಿ. ಮೂಳೆ ಕೂಡಿದ ಮಾತ್ರಕ್ಕೆ ನಡಿಗೆ ಕೂಡುವುದಿಲ್ಲ. ಸವೆದುಹೋದ ಮಾಂಸಖಂಡವನ್ನು ಮತ್ತೆ ಬೆಳೆಸಿ, ಕಾಲನ್ನು ಹೊಲಕ್ಕೆ ಮರಳಿಸುವ ಕೆಲಸ ಉಳಿದಿರುತ್ತದೆ. ಆ ಕೆಲಸಕ್ಕೆ ಭೌತಚಿಕಿತ್ಸೆ ಎಂದು ಹೆಸರು. ಜನರ ಬಾಯಲ್ಲಿ ಅದು ಫಿಸಿಯೋಥೆರಪಿ.

ಈ ಭೌತಚಿಕಿತ್ಸೆಯಲ್ಲಿ ಈಚಿನ ವರ್ಷಗಳಲ್ಲಿ ಲೋಕದ ಗಮನವನ್ನು ಸೆಳೆದಿರುವ ವಿಧಾನವೊಂದುಂಟು. ತೊಡೆಯ ಅಥವಾ ತೋಳಿನ ಬುಡಕ್ಕೆ ಗಾಳಿ ತುಂಬುವ ಪಟ್ಟಿಯನ್ನು ಕಟ್ಟಿ, ರಕ್ತದ ಓಟವನ್ನು ಅಳತೆಯರಿತು ತಡೆದು, ಅತಿ ಹಗುರವಾದ ಭಾರದಿಂದ ವ್ಯಾಯಾಮ ಮಾಡಿಸುವುದೇ ಆ ವಿಧಾನ. ಇದನ್ನು ರಕ್ತಸಂಚಾರ ನಿರ್ಬಂಧ ವ್ಯಾಯಾಮ ಎನ್ನಬಹುದು. ರಕ್ತವೇ ಜೀವವೆಂದು ನಂಬಿದ ನಮಗೆ, ರಕ್ತವನ್ನು ತಡೆದು ಬಲವನ್ನು ಬೆಳೆಸುವ ಮಾತು ಮೊದಲು ವಿಪರೀತವೆನ್ನಿಸುವುದು ಸಹಜ. ಇದರ ನಿಜವೇನು, ಮಿತಿಯೇನು, ನಮ್ಮ ಹಳ್ಳಿಗಳಿಗೆ ಇದರಿಂದ ಪ್ರಯೋಜನವುಂಟೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಭಾರವೆಂಬ ಗುರು

ಮಾಂಸಖಂಡ ಬೆಳೆಯಬೇಕಾದರೆ ಅದಕ್ಕೆ ಭಾರ ಬೀಳಬೇಕು. ಈ ಸತ್ಯವನ್ನು ನಮ್ಮ ಗರಡಿಮನೆಗಳು ಪ್ರಯೋಗಶಾಲೆಗಳಿಗಿಂತ ಮೊದಲೇ ಅರಿತಿದ್ದುವು. ಬಸ್ಕಿ, ದಂಡ, ಗದೆ ತಿರುಗಿಸುವುದು, ಕಲ್ಲುಗುಂಡು ಎತ್ತುವುದು ಇವೆಲ್ಲ ಆ ಅರಿವಿನ ಫಲಗಳು. ಇದಕ್ಕೆ ಆಸ್ಪತ್ರೆಯಲ್ಲಿ ಶಾಸ್ತ್ರದ ರೂಪವನ್ನು ಕೊಟ್ಟವನು ಅಮೆರಿಕದ ಸೈನ್ಯವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಕೊಳೆಯುತ್ತಿದ್ದಾಗ, ಹಗುರವಾದ ಕಸರತ್ತನ್ನು ಹತ್ತಾರು ಬಾರಿ ಮಾಡಿಸುವ ಅಂದಿನ ಪದ್ಧತಿಯನ್ನು ಅವನು ಕೈಬಿಟ್ಟನು. ಹೆಚ್ಚು ಭಾರವನ್ನು ಕೆಲವೇ ಬಾರಿ ಎತ್ತಿಸಿ, ಬಲ ಹೆಚ್ಚಿದಂತೆಲ್ಲ ಭಾರವನ್ನೂ ಹೆಚ್ಚಿಸುತ್ತ ಹೋದನು. 1945ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳು ಭೌತಚಿಕಿತ್ಸೆಯ ದಾರಿಯನ್ನೇ ಬದಲಾಯಿಸಿದುವು. ಒಬ್ಬನು ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರವನ್ನು ನೂರು ಎಂದು ಇಟ್ಟುಕೊಂಡರೆ, ಬಲ ಚೆನ್ನಾಗಿ ಬೆಳೆಯಬೇಕಾದರೆ ಅದರಲ್ಲಿ ಅರವತ್ತು ಎಪ್ಪತ್ತರಷ್ಟನ್ನಾದರೂ ಎತ್ತಬೇಕೆಂಬುದು ಅಂದಿನಿಂದ ಬಂದ ಸಾಮಾನ್ಯ ನಿಯಮ.

ವಯಸ್ಸು ಈ ನಿಯಮಕ್ಕೆ ಅಡ್ಡಿಯಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಯಾಟರೋನ್ ಎಂಬ ವೈದ್ಯೆಯೂ ಅವಳ ಸಂಗಡಿಗರೂ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಮುಪ್ಪಿನಲ್ಲಿ ಬಲವು ಇಳಿಯುವುದೇ ಹೊರತು ಏರುವುದಿಲ್ಲ ಎಂಬ ನಮ್ಮ ನಂಬಿಕೆ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ತೊಡಕು ಇರುವುದು ಇಲ್ಲಿಯೇ. ಯಾರಿಗೆ ಭಾರ ಅತ್ಯಗತ್ಯವೋ ಅವರೇ ಅನೇಕ ವೇಳೆ ಭಾರವನ್ನು ಹೊರಲಾರರು. ಮೊಣಕಾಲಿನ ಅಸ್ಥಿರಜ್ಜುವನ್ನು ಹೊಸದಾಗಿ ಕೂಡಿಸಿಕೊಂಡವನ ಮೇಲೆ ಭಾರ ಹೇರಿದರೆ ಕೂಡಿಸಿದ್ದು ಕಿತ್ತುಬಂದೀತು. ಕೀಲು ಸವೆದ ಅಜ್ಜಿಯ ಕಾಲಿಗೆ ಭಾರ ಕಟ್ಟಿದರೆ ನೋವಿನಿಂದ ಅವಳು ಮರುದಿನ ಬರುವುದೇ ಇಲ್ಲ. ಭಾರ ಹೊರದಿದ್ದರೆ ಮಾಂಸಖಂಡ ಬೆಳೆಯದು. ಮಾಂಸಖಂಡ ಬೆಳೆಯದಿದ್ದರೆ ಭಾರ ಹೊರಲಾಗದು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಯಂತಾಯಿತು ಇದು. ಈ ಗಂಟನ್ನು ಬಿಡಿಸಲು ಹೊರಟದ್ದೇ ರಕ್ತಸಂಚಾರ ನಿರ್ಬಂಧ ವ್ಯಾಯಾಮ.

ಹಾರ್ವೆಯಿಂದ ಸಾಟೋವರೆಗೆ

ವಿಧಾನ ಹೊಸದು, ಅದರ ಅಡಿಪಾಯ ಹಳೆಯದು. ರಕ್ತವು ದೇಹದಲ್ಲಿ ಸುತ್ತಿ ಸುತ್ತಿ ಹರಿಯುವುದೆಂಬುದನ್ನು 1628ರಲ್ಲಿ ಲೋಕಕ್ಕೆ ಸಾರಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ತನ್ನ ವಾದವನ್ನು ಸ್ಥಾಪಿಸಲು ತೋಳಿಗೆ ಪಟ್ಟಿ ಬಿಗಿದೇ ಪ್ರಯೋಗ ನಡೆಸಿದನು. ಪಟ್ಟಿಯನ್ನು ಬಹಳ ಬಿಗಿಯಾಗಿ ಕಟ್ಟಿದಾಗ ಕೈಯ ನಾಡಿ ನಿಂತುಹೋಯಿತು, ಕೈ ತಣ್ಣಗಾಯಿತು. ಸ್ವಲ್ಪ ಸಡಿಲಿಸಿ ಮಧ್ಯಮ ಬಿಗಿಯಲ್ಲಿಟ್ಟಾಗ ಕೈ ಕೆಂಪಾಗಿ ಊದಿ, ಮೇಲ್ಭಾಗದ ನಾಳಗಳು ಹಗ್ಗದಂತೆ ಉಬ್ಬಿದುವು. ಏಕೆ? ಹೃದಯದಿಂದ ರಕ್ತವನ್ನು ತರುವ ಅಪಧಮನಿಗಳು ಆಳದಲ್ಲಿದ್ದು ಒಳಗಿನ ಒತ್ತಡದಿಂದ ಗಟ್ಟಿಯಾಗಿರುತ್ತವೆ. ಹೃದಯಕ್ಕೆ ರಕ್ತವನ್ನು ಮರಳಿಸುವ ಅಭಿಧಮನಿಗಳ ಗೋಡೆ ತೆಳು, ಒತ್ತಡ ಕಡಿಮೆ. ಮಧ್ಯಮ ಬಿಗಿತ ಮರಳುವ ದಾರಿಯನ್ನು ಮುಚ್ಚುತ್ತದೆ, ಬರುವ ದಾರಿಯನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ನಮ್ಮ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಳ್ಳದ ನೀರು ಬರುತ್ತಲೇ ಇದ್ದು ಕೋಡಿಯನ್ನು ಎತ್ತರಿಸಿದರೆ ಕೆರೆ ತುಂಬಿ ನಿಲ್ಲುವುದಷ್ಟೆ! ಇಂದಿನ ಭೌತಚಿಕಿತ್ಸಕರು ಕಟ್ಟುವ ಪಟ್ಟಿ ಹಾರ್ವೆಯ ಈ ಮಧ್ಯಮ ಬಿಗಿಯೇ ಹೊರತು ಮತ್ತೊಂದಲ್ಲ.

ಇದನ್ನು ವ್ಯಾಯಾಮದೊಡನೆ ಕೂಡಿಸಿದ ಕೀರ್ತಿ ಜಪಾನಿನ ಯೋಶಿಯಾಕಿ ಸಾಟೋ ಎಂಬಾತನದು. 1966ರಲ್ಲಿ ಬೌದ್ಧರ ಶ್ರಾದ್ಧಕರ್ಮವೊಂದರಲ್ಲಿ ಈತ ಮೊಣಕಾಲೂರಿ ಹಿಮ್ಮಡಿಯ ಮೇಲೆ ಬಹಳ ಹೊತ್ತು ಕುಳಿತಿದ್ದನು. ಕಾಲಿಗೆ ಜೋಮು ಹಿಡಿಯಿತು. ಮೀನಖಂಡವನ್ನು ತಿಕ್ಕಿಕೊಳ್ಳುವಾಗ, ಕಠಿನವಾದ ಕಸರತ್ತು ಮಾಡಿದ ಮೇಲೆ ಆಗುವ ಬಿಗಿತ ಮತ್ತು ಉಬ್ಬಿದ ಅನುಭವವೇ ಇಲ್ಲಿಯೂ ಆಗುತ್ತಿರುವುದನ್ನು ಕಂಡು ಅವನ ಕುತೂಹಲ ಕೆರಳಿತು. ಮುಂದೆ ತನ್ನ ಮೈಮೇಲೆಯೇ ಬಗೆಬಗೆಯ ಪಟ್ಟಿಗಳನ್ನು ಕಟ್ಟಿ ನೋಡಿದನು. 1973ರಲ್ಲಿ ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ಅವನ ಕಾಲಿನ ಗಂಟು ಮುರಿದು ಮೊಣಕಾಲಿಗೂ ಪೆಟ್ಟಾದಾಗ, ಪ್ಲಾಸ್ಟರಿನಲ್ಲಿದ್ದ ಕಾಲಿನ ಮೇಲೆಯೇ ಈ ವಿಧಾನವನ್ನು ಪ್ರಯೋಗಿಸಿಕೊಂಡನು. ಜೋಮು ಹಿಡಿಯದ ಕಾಲು ಜಗತ್ತಿನಲ್ಲಿ ಯಾರದು? ಆದರೆ ಅದನ್ನು ಪ್ರಶ್ನೆಯಾಗಿ ನೋಡಿದವನು ಒಬ್ಬ. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇದು.

ಒಬ್ಬನ ಅನುಭವವು ವಿಜ್ಞಾನವಾಗುವುದಿಲ್ಲ. ಅದನ್ನು ಇತರರ ಮೇಲೆ, ಹೋಲಿಕೆಯ ಗುಂಪಿನೊಡನೆ ಪರೀಕ್ಷಿಸಬೇಕು. ಆ ಕಾರ್ಯವನ್ನು ಜಪಾನಿನ ತಕರಾಡ ಮತ್ತು ಇಶಿಯಿ ಮೊದಲಾದವರು ಮಾಡಿದರು. 2000ದಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಹಿರಿಯ ಮಹಿಳೆಯರು ಹದಿನಾರು ವಾರ ತೋಳಿನ ವ್ಯಾಯಾಮ ಮಾಡಿದರು. ಪಟ್ಟಿ ಕಟ್ಟಿ ಹಗುರ ಭಾರವೆತ್ತಿದವರ ತೋಳು, ಪಟ್ಟಿಯಿಲ್ಲದೆ ಹೆಚ್ಚು ಭಾರವೆತ್ತಿದವರ ತೋಳಿಗೆ ಸರಿಸಮನಾಗಿ ಬೆಳೆದಿತ್ತು. ಅದೇ ವರ್ಷ ಪ್ರಕಟವಾದ ಮತ್ತೊಂದು ಪರೀಕ್ಷೆ ಇನ್ನೂ ವಿಸ್ಮಯಕರವಾದುದು. ಮೊಣಕಾಲಿನ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದವರಿಗೆ ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಯಾವ ವ್ಯಾಯಾಮವೂ ಇಲ್ಲದೆ ಪಟ್ಟಿಯನ್ನು ಮಾತ್ರ ಆಗಾಗ ಬಿಗಿದು ಬಿಡಲಾಯಿತು. ಪಟ್ಟಿಯಿಲ್ಲದವರ ತೊಡೆಯ ಮುಂಭಾಗದ ಮಾಂಸಖಂಡ ನೂರಕ್ಕೆ 20ಕ್ಕೂ ಹೆಚ್ಚು ಕುಗ್ಗಿದರೆ, ಪಟ್ಟಿ ಕಟ್ಟಿದವರದು 10ರ ಒಳಗೇ ನಿಂತಿತು.

ಒಳಗೆ ನಡೆಯುವುದೇನು?

ನಮ್ಮ ಮಾಂಸಖಂಡಗಳಲ್ಲಿ ಎರಡು ಬಗೆಯ ತಂತುಗಳುಂಟು. ನಿಧಾನವಾಗಿ ದುಡಿದು ಬೇಗ ದಣಿಯದವು ಕೆಲವು. ವೇಗವಾಗಿ ಬಲವಾಗಿ ದುಡಿದು ಬೇಗ ದಣಿಯುವವು ಕೆಲವು. ಬೆಳೆದು ದಪ್ಪವಾಗುವ ಶಕ್ತಿ ಎರಡನೆಯವುಗಳಲ್ಲಿ ಹೆಚ್ಚು. ನರವ್ಯೂಹವು ಈ ತಂತುಗಳನ್ನು ಕೆಲಸಕ್ಕೆ ಕರೆಯುವ ಕ್ರಮವನ್ನು ಅಮೆರಿಕದ ಎಲ್ವುಡ್ ಹೆನ್ನೆಮನ್ 1957ರಲ್ಲಿ ತೋರಿಸಿದನು. ಹಗುರ ಕೆಲಸಕ್ಕೆ ಮೊದಲು ಸಣ್ಣವು ಬರುತ್ತವೆ. ಅವುಗಳಿಂದ ಸಾಗದಾಗ ಮಾತ್ರ ದೊಡ್ಡವುಗಳಿಗೆ ಕರೆ ಹೋಗುತ್ತದೆ. ಹೊಲದ ಕಳೆ ತೆಗೆಯಲು ಮೊದಲು ಮನೆಯವರು ಇಳಿಯುತ್ತಾರೆ. ಮನೆಯವರ ಕೈ ಸೋತಾಗ ಮುಯ್ಯಾಳುಗಳನ್ನು ಕರೆಯುತ್ತಾರೆ. ಹಾಗೆಯೇ ಇದು. ಹೆಚ್ಚು ಭಾರವೆತ್ತಿದಾಗ ಮುಯ್ಯಾಳುಗಳು ಮೊದಲಿಗೇ ಬರಬೇಕಾಗುತ್ತದೆ. ಹಗುರ ಭಾರದಲ್ಲಾದರೆ ಮನೆಯವರೇ ಸಾಕು. ಆದ್ದರಿಂದ ದೊಡ್ಡ ತಂತುಗಳು ನಿದ್ರಿಸುತ್ತಿರುತ್ತವೆ.

ಪಟ್ಟಿ ಕಟ್ಟಿದಾಗ ಈ ಲೆಕ್ಕ ಬದಲಾಗುತ್ತದೆ. ಆಮ್ಲಜನಕ ಸಾಲದೆ ಸಣ್ಣ ತಂತುಗಳು ಬೇಗ ದಣಿಯುತ್ತವೆ. ಲ್ಯಾಕ್ಟೇಟ್, ಫಾಸ್ಫೇಟ್ ಮುಂತಾದ ದುಡಿಮೆಯ ಉಳಿಕೆಗಳು ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ಸೇರುತ್ತವೆ. ಮಾಂಸಖಂಡದ ಆಮ್ಲತೆ ಏರುತ್ತದೆ. ನರವ್ಯೂಹವು ಅನಿವಾರ್ಯವಾಗಿ ದೊಡ್ಡ ತಂತುಗಳನ್ನು ಎಬ್ಬಿಸುತ್ತದೆ. ಎತ್ತಿದ ಭಾರ ಎರಡು ಸೇರಾದರೂ ಮಾಂಸಖಂಡದ ಪಾಲಿಗೆ ಅದು ಹತ್ತು ಸೇರಿನ ಕೆಲಸವಾಗುತ್ತದೆ. ಜೊತೆಗೆ ಜೀವಕಣಗಳೊಳಕ್ಕೆ ನೀರು ಸೇರಿ ಅವು ಉಬ್ಬುವುದೂ ಬೆಳವಣಿಗೆಗೆ ಒಂದು ಸಂಜ್ಞೆಯೆಂದು ಹಲವರ ಅಭಿಪ್ರಾಯ. 2007ರಲ್ಲಿ ಫುಜಿತ ಮತ್ತು ಸಂಗಡಿಗರು ಅಳೆದು ನೋಡಿದಾಗ, ಒಂದೇ ಸಲದ ಈ ವ್ಯಾಯಾಮದಿಂದ ಮಾಂಸಖಂಡದಲ್ಲಿ ಪ್ರೋಟೀನಿನ ತಯಾರಿಕೆ ನೂರಕ್ಕೆ 46ರಷ್ಟು ಹೆಚ್ಚಿದುದು ಕಂಡುಬಂದಿತು. ಪಟ್ಟಿಯ ವ್ಯಾಯಾಮದ ಬಳಿಕ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಬಹಳ ಏರುವುದೆಂಬುದನ್ನು ಮೊದಲು ದೊಡ್ಡ ಕಾರಣವೆಂದು ಎಣಿಸಿದ್ದರು. ಇಂದು ಆ ಮಾತಿಗೆ ಹಿಂದಿನ ತೂಕವಿಲ್ಲ; ಮಾಂಸಖಂಡದೊಳಗೇ ನಡೆಯುವ ವ್ಯಾಪಾರವೇ ಮುಖ್ಯವೆಂದು ತಿಳಿಯಲಾಗಿದೆ.

ಈಗ ರೂಢಿಗೆ ಬಂದಿರುವ ಕ್ರಮ ಹೀಗಿದೆ. ಮೊದಲು ಆ ವ್ಯಕ್ತಿಯ ಆ ಅಂಗದಲ್ಲಿ ಅಪಧಮನಿಯ ರಕ್ತ ಪೂರ್ತಿ ನಿಲ್ಲುವ ಒತ್ತಡವನ್ನು ಉಪಕರಣದಿಂದ ಕಂಡುಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 40ರಿಂದ 80ರಷ್ಟನ್ನು ಮಾತ್ರ ಪಟ್ಟಿಗೆ ತುಂಬುತ್ತಾರೆ. ಗರಿಷ್ಠ ಭಾರದ ನೂರಕ್ಕೆ 20ರಿಂದ 40ರಷ್ಟನ್ನು ಮೊದಲು ಮೂವತ್ತು ಬಾರಿ, ಬಳಿಕ ಹದಿನೈದರಂತೆ ಮೂರು ಸಲ ಎತ್ತಿಸುತ್ತಾರೆ. ನಡುವೆ ಅರ್ಧ ನಿಮಿಷದ ಬಿಡುವು. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿದು ಪಟ್ಟಿ ಕಳಚುತ್ತದೆ. ತೊಡೆ ದಪ್ಪವಿದ್ದರೆ ಹೆಚ್ಚು ಒತ್ತಡ, ಪಟ್ಟಿ ಅಗಲವಾಗಿದ್ದರೆ ಕಡಿಮೆ ಒತ್ತಡ ಸಾಕಾಗುವುದು. ಆದುದರಿಂದ ಒಬ್ಬನ ಅಳತೆ ಇನ್ನೊಬ್ಬನಿಗೆ ಹೊಂದುವುದಿಲ್ಲ. ಅಳೆಯದೆ ಕಟ್ಟಿದ ಪಟ್ಟಿ ಈ ಚಿಕಿತ್ಸೆಯಲ್ಲ, ಬರಿಯ ಕಟ್ಟು.

ಇದು ಮಂತ್ರದಂಡವಲ್ಲ

ಹೊಸದಾದುದೆಲ್ಲ ಹಳೆಯದಕ್ಕಿಂತ ಮೇಲೆಂದು ಸಾರುವವರು ಎಲ್ಲ ಕಾಲದಲ್ಲಿಯೂ ಉಂಟು. ಈ ವಿಧಾನದ ಬಗೆಗೂ ಅಂಥ ಪ್ರಚಾರ ನಡೆದಿದೆ. 2017ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಅದುವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ ಕಂಡದ್ದು ಇದು: ಬಲವನ್ನು ಬೆಳೆಸುವುದರಲ್ಲಿ ಪಟ್ಟಿಯೊಡನೆ ಹಗುರ ಭಾರವು ಪಟ್ಟಿಯಿಲ್ಲದ ಹಗುರ ಭಾರಕ್ಕಿಂತ ಮೇಲು, ಹೆಚ್ಚು ಭಾರದ ವ್ಯಾಯಾಮಕ್ಕಿಂತ ಕೀಳು. 2019ರಲ್ಲಿ ಅವರೇ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ 28 ಮಂದಿಯ ಮೇಲೆ ನಡೆಸಿದ ಎಂಟು ವಾರಗಳ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ತೊಡೆ ಹೆಚ್ಚುಕಡಿಮೆ ಸಮನಾಗಿ ಬೆಳೆಯಿತು. ಆದರೆ ಪಟ್ಟಿಯ ಗುಂಪಿನವರಿಗೆ ಮೊಣಕಾಲಿನ ನೋವೂ ಊತವೂ ಕಡಿಮೆಯಾಗಿದ್ದುವು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಇಂಥವರಿಗೆ ಹೆಚ್ಚು ಭಾರದ ವ್ಯಾಯಾಮದ ಮೇಲೆ ಪಟ್ಟಿಯನ್ನೂ ಕಟ್ಟಿ ನೋಡಿದರು. ಯಾವ ಹೆಚ್ಚಿನ ಲಾಭವೂ ದೊರೆಯಲಿಲ್ಲ.

ಇವುಗಳಿಂದ ತಿಳಿಯಬೇಕಾದ ನೀತಿ ಸರಳ. ಪಟ್ಟಿಯು ಭಾರಕ್ಕೆ ಪ್ರತಿನಿಧಿಯೇ ಹೊರತು ಭಾರದ ಯಜಮಾನನಲ್ಲ. ಭಾರವೆತ್ತಬಲ್ಲವನಿಗೆ ಪಟ್ಟಿಯ ಅಗತ್ಯವಿಲ್ಲ. ಎತ್ತಲಾರದವನಿಗೆ, ಎತ್ತಬಲ್ಲ ದಿನ ಬರುವವರೆಗೆ, ಅದು ಊರುಗೋಲು. ಊರುಗೋಲನ್ನು ಹಿಡಿದು ಓಟದ ಪಂದ್ಯಕ್ಕೆ ಹೋಗುವವನು ಬುದ್ಧಿವಂತನಲ್ಲ. ಪಟ್ಟಣದ ವ್ಯಾಯಾಮಶಾಲೆಗಳಲ್ಲಿ ಆರೋಗ್ಯವಂತ ಯುವಕರು ತೋಳಿಗೆ ಎಲಾಸ್ಟಿಕ್ ಪಟ್ಟಿಯನ್ನು ಮನಬಂದಂತೆ ಬಿಗಿದುಕೊಂಡು ಕನ್ನಡಿಯ ಮುಂದೆ ನಿಲ್ಲುವುದನ್ನು ನೋಡಿದಾಗ, ಔಷಧವು ರೋಗಿಯ ಕೈ ಸೇರದೆ ಅಂಗಡಿಯ ಅಲಂಕಾರವಾಯಿತಲ್ಲ ಎನ್ನಿಸುತ್ತದೆ.

ಬಿಗಿದ ಕಟ್ಟಿನ ಅಪಾಯ

ಅಪಾಯದ ಮಾತನ್ನು ಮುಚ್ಚಿಡುವುದು ವಿಜ್ಞಾನಧರ್ಮವಲ್ಲ. ಜಪಾನಿನಲ್ಲಿ ಈ ವ್ಯಾಯಾಮ ನಡೆಸುತ್ತಿದ್ದ 105 ಕೇಂದ್ರಗಳ 12,642 ಜನರ ವಿವರಗಳನ್ನು ನಕಜಿಮ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಚರ್ಮದಡಿಯಲ್ಲಿ ರಕ್ತ ಕಂದಿದವರು ನೂರಕ್ಕೆ 13. ಜೋಮು ಉಳಿದವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದುದು ಹತ್ತು ಸಾವಿರಕ್ಕೆ ಐದಾರು ಮಂದಿಗೆ. ಅದಕ್ಕಿಂತ ಘೋರವಾದ ಅಪಾಯಗಳು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಈ ಅಂಕಿಗಳು ಧೈರ್ಯ ಕೊಡುತ್ತವೆ, ನಿಜ. ಆದರೆ ಇವು ಬಲ್ಲವರ ಕಣ್ಗಾವಲಿನಲ್ಲಿ ನಡೆದ ಕೆಲಸದ ಅಂಕಿಗಳು ಎಂಬುದನ್ನು ಮರೆಯಬಾರದು. ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದ್ರೋಗಿಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ಇವರಿಗೆಲ್ಲ ವೈದ್ಯರ ಅಪ್ಪಣೆಯಿಲ್ಲದೆ ಈ ಪಟ್ಟಿಯನ್ನು ಮುಟ್ಟಿಸಲೇಬಾರದು.

ನಮ್ಮ ಹಳ್ಳಿಗಾಡಿನಲ್ಲಿ ಈ ಎಚ್ಚರಿಕೆಗೆ ಇಮ್ಮಡಿ ಕಾರಣವುಂಟು. ಬಿಗಿದ ಕಟ್ಟಿನ ಮೇಲೆ ನಮ್ಮ ಜನರಿಗೆ ಬಹಳ ವಿಶ್ವಾಸ. ಹಾವು ಕಚ್ಚಿದರೆ ಮೊದಲು ಮಾಡುವ ಕೆಲಸ ಗಾಯದ ಮೇಲ್ಗಡೆ ಹಗ್ಗವನ್ನೋ ಟವೆಲನ್ನೋ ಬಿಗಿಯುವುದು. ಇದು ವಿಷವನ್ನು ತಡೆಯುವುದಿಲ್ಲ. ಕೆಳಗಿನ ಅಂಗವನ್ನು ಕೊಲ್ಲಬಹುದು, ಬಿಚ್ಚಿದ ಕೂಡಲೆ ವಿಷ ಒಮ್ಮೆಲೇ ಮೈಗೇರಲೂಬಹುದು. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ದಾರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿರುವುದು ಈ ಸಮಸ್ಯೆಯ ಗಾತ್ರವನ್ನು ಸೂಚಿಸುತ್ತದೆ. ಮೂಳೆ ಮುರಿದಾಗಲೂ ಹಾಗೆಯೇ. ಪುತ್ತೂರು ಕಟ್ಟಿನ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ನಾಟಿ ಕಟ್ಟಾಗಲಿ ಆಸ್ಪತ್ರೆಯ ಕಟ್ಟಾಗಲಿ, ಅತಿಯಾಗಿ ಬಿಗಿದು ಬಹಳ ಹೊತ್ತು ಬಿಟ್ಟರೆ ಮಾಂಸಖಂಡ ಸತ್ತು ಕೈ ಕೊಕ್ಕೆಯಂತೆ ಮುದುಡುವುದುಂಟು. ಜರ್ಮನಿಯ ಫೋಲ್ಕ್‌ಮನ್ ಇದನ್ನು 1881ರಷ್ಟು ಹಿಂದೆಯೇ ವರ್ಣಿಸಿದ್ದನು. ಪಟ್ಟಿ ಕಟ್ಟಿದರೆ ಬಲ ಬರುತ್ತದೆಯಂತೆ ಎಂಬ ಅರೆಸುದ್ದಿ ಇಂಥ ನೆಲದಲ್ಲಿ ಹಬ್ಬಿದರೆ, ಅಳತೆಯ ಪಟ್ಟಿಗಿಂತ ಮೊದಲು ದನದ ಹಗ್ಗವೇ ತೊಡೆಗೆ ಬಿದ್ದೀತು. ಹಾರ್ವೆಯ ಎರಡು ಬಿಗಿತಗಳ ಅಂತರವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಕಲಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಯಾರಿಗೆ ಬೇಕು ಈ ಪಟ್ಟಿ?

ಕರ್ನಾಟಕದ ಕ್ರಿಕೆಟ್ ಆಟಗಾರ ಕೆ. ಎಲ್. ರಾಹುಲ್ ಅವರು 2023ರ ಮೇ ತಿಂಗಳಲ್ಲಿ ತೊಡೆಗೆ ಪೆಟ್ಟು ತಗುಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು, ಅದೇ ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ಎದುರು ಶತಕ ಹೊಡೆದರು. ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ಆ ನಾಲ್ಕು ತಿಂಗಳಲ್ಲಿ ದಿನವೂ ಅವರ ಕಾಲನ್ನು ನೋಡುವ, ಅಳೆಯುವ, ಇಂದು ಇಷ್ಟು, ನಾಳೆ ಇಷ್ಟು ಎಂದು ಹೇಳುವ ತಜ್ಞರಿದ್ದರು ಎಂಬುದನ್ನು ಎಷ್ಟು ಜನ ಯೋಚಿಸಿದೆವು? ಅದೇ ತೊಡೆ ಸೊಕ್ಕೆಯ ರೈತನದಾಗಿದ್ದರೆ ಏನಾಗುತ್ತಿತ್ತು? ಹೊಲಿಗೆ ಬಿಚ್ಚಿದ ಮೇಲೆ ವ್ಯಾಯಾಮ ಮಾಡಿ ಎಂಬ ಒಂದು ಮಾತಿನೊಡನೆ ಅವನು ಬಸ್ಸು ಹತ್ತುತ್ತಿದ್ದನು. ಎಂಥ ವ್ಯಾಯಾಮ, ಎಷ್ಟು, ಎಷ್ಟು ದಿನ ಎಂಬುದನ್ನು ತಿಳಿಯಲು ಮತ್ತೆ ಪಟ್ಟಣಕ್ಕೆ ಹೋಗಬೇಕು. ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ನಾಲ್ಕನೆಯ ಸಲ ಅವನು ಹೋಗುವುದಿಲ್ಲ. ಮನೆಯವರು ಪ್ರೀತಿಯಿಂದ, ಅಲುಗಾಡದೆ ಮಲಗಿರಪ್ಪ ಎನ್ನುತ್ತಾರೆ. ಆ ಪ್ರೀತಿಯೇ ಅವನ ಕಾಲನ್ನು ತಿನ್ನುತ್ತದೆ.

ರಕ್ತಸಂಚಾರ ನಿರ್ಬಂಧ ವ್ಯಾಯಾಮದ ನಿಜವಾದ ಬೆಲೆ ಇಂಥವನಿಗಾಗಿ ಎಂಬುದು ನನ್ನ ನಿಲುವು. ಅದಕ್ಕೆ ದೊಡ್ಡ ಯಂತ್ರಗಳು ಬೇಡ. ಕಬ್ಬಿಣದ ಗುಂಡುಗಳ ರಾಶಿ ಬೇಡ. ಗಾಳಿ ತುಂಬುವ ಪಟ್ಟಿ, ಒತ್ತಡ ತೋರಿಸುವ ಮಾಪಕ, ನಾಡಿಯ ರಕ್ತದ ಸದ್ದನ್ನು ಕೇಳಿಸುವ ಕೈಹಿಡಿಯ ಚಿಕ್ಕ ಉಪಕರಣ, ಕಾಲಿಗೆ ಕಟ್ಟಲು ಒಂದೆರಡು ಕಿಲೋಗ್ರಾಮಿನ ಮರಳಿನ ಚೀಲ, ಇವೆಲ್ಲವೂ ಒಂದು ಕೈಚೀಲದಲ್ಲಿ ಹಿಡಿಯುತ್ತವೆ. ಬೇಕಾದುದು ಆ ಕೈಚೀಲವನ್ನು ಹಿಡಿದು ಬರುವ ಮನುಷ್ಯ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಎದುರಿಸಬೇಕು. ಸಾಧಾರಣ ಭೌತಚಿಕಿತ್ಸೆಯೇ ತಲುಪದ ಊರಿಗೆ ಈ ನವೀನ ವಿಧಾನವನ್ನು ಒಯ್ಯುವುದು, ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿದಂತಲ್ಲವೆ? ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಕಾಲಿಗೆ ಚೀಲ ಕಟ್ಟಿ ಎತ್ತುವುದು ಇವನ್ನೇ ನಿಯಮವಾಗಿ ಮಾಡಿಸಿದರೆ ಬಹುಮಂದಿಗೆ ಸಾಲದೆ? ಈ ಆಕ್ಷೇಪದಲ್ಲಿ ಬಹಳ ಸತ್ಯವಿದೆ. ಬಹುಮಂದಿಗೆ ಅಷ್ಟು ಸಾಕು. ಮೊದಲು ಅದೇ ಆಗಬೇಕು. ಆದರೆ ಅಷ್ಟನ್ನೂ ಮಾಡಲಾರದಷ್ಟು ನೋವಿರುವ, ಶಸ್ತ್ರಚಿಕಿತ್ಸೆಯಾಗಿ ಭಾರ ನಿಷಿದ್ಧವಾಗಿರುವ ಕೆಲವರು ಎಲ್ಲ ಊರಿನಲ್ಲಿಯೂ ಉಂಟು. ಅವರು ಕಳೆದುಕೊಳ್ಳುವ ವಾರಗಳು ಮರಳಿ ಬರುವುದಿಲ್ಲ. ಅವರಿಗಾಗಿ ಪಟ್ಟಿ ಬೇಕು. ಇವೆರಡಕ್ಕೂ ಬೇಕಾದವನು ಒಬ್ಬನೇ ಭೌತಚಿಕಿತ್ಸಕ. ಆದುದರಿಂದ ಹಿಟ್ಟು ಬೇಕೆ, ಮಲ್ಲಿಗೆ ಬೇಕೆ ಎಂಬ ಜಗಳವೇ ಇಲ್ಲ. ಅವನನ್ನು ಊರಿಗೆ ತರುವುದೇ ಪ್ರಶ್ನೆ.

ಇದಕ್ಕೆ ಅಡಿಗಲ್ಲು ಇಲ್ಲವೆನ್ನುವಂತಿಲ್ಲ. ಭೌತಚಿಕಿತ್ಸಕರ ಶಿಕ್ಷಣಕ್ಕೂ ವೃತ್ತಿಗೂ ನಿಯಮಗಳನ್ನು ವಿಧಿಸುವ ಕಾಯಿದೆಯನ್ನು ಸಂಸತ್ತು 2021ರಲ್ಲಿ ಅಂಗೀಕರಿಸಿದೆ. ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಕಳೆದ ದಶಕದ ಆರಂಭದಿಂದ ನಡೆದಿದೆ. ಕಾಲೇಜುಗಳಿಂದ ವರ್ಷವರ್ಷವೂ ಭೌತಚಿಕಿತ್ಸೆ ಕಲಿತ ತರುಣ ತರುಣಿಯರು ಹೊರಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ನಗರಗಳಲ್ಲಿಯೇ ನಿಲ್ಲುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಹೋಬಳಿಯಲ್ಲಿ ಅವರಿಗೊಂದು ಹುದ್ದೆಯಿರಬೇಕಲ್ಲ? ಮೂರು ಮಾತುಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ. ಮೊದಲನೆಯದು, ಪ್ರತಿಯೊಂದು ಹೋಬಳಿಗೂ ವಾರಕ್ಕೆ ಎರಡು ದಿನವಾದರೂ ಗೊತ್ತಾದ ಹೊತ್ತಿಗೆ ಭೌತಚಿಕಿತ್ಸಕನೊಬ್ಬನು ಬರುವಂತೆ ಸರ್ಕಾರ ಏರ್ಪಡಿಸಬೇಕು. ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು. ಜನ ಹೇಗೂ ಬರುತ್ತಾರೆ. ಎರಡನೆಯದು, ಪಟ್ಟಿಯ ವ್ಯಾಯಾಮವನ್ನು ತರಬೇತಿ ಹೊಂದಿದವರ ಹೊರತು ಬೇರೆಯವರು ಚಿಕಿತ್ಸೆಯೆಂದು ಮಾಡಿಸದಂತೆ ನೋಡಿಕೊಳ್ಳಬೇಕು. ಮೂರನೆಯದು, ನಮ್ಮ ವೈದ್ಯಕೀಯ ಕಾಲೇಜುಗಳು ಇದನ್ನು ನಮ್ಮ ಜನರ ಮೇಲೆಯೇ ಪರೀಕ್ಷಿಸಿ ನೋಡಬೇಕು. ಮೇಲೆ ಹೇಳಿದ ಅಂಕಿಗಳು ಜಪಾನಿನವು, ಇಂಗ್ಲೆಂಡಿನವು, ಅಮೆರಿಕದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕುಕ್ಕುರುಗಾಲಿನಲ್ಲಿ ಕಳೆ ತೆಗೆದು, ಮುದ್ದೆ ರೊಟ್ಟಿ ಉಂಡು ಬದುಕುವವರ ಮೊಣಕಾಲಿನ ಬೇಡಿಕೆಯೇ ಬೇರೆ. ಪ್ರೋಟೀನು ಸಾಲದ ಊಟದಲ್ಲಿ ಪಟ್ಟಿಯಾಗಲಿ ಭಾರವಾಗಲಿ ಎಷ್ಟು ಬೆಳೆಸಬಲ್ಲುದೆಂಬುದೂ ನಾವೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ. ಇಟ್ಟಿಗೆಯಿಲ್ಲದೆ ಗಾರೆಯವನು ಏನು ಕಟ್ಟಿಯಾನು?

ಈ ಪುಟಗಳನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಶರೀರಶಾಸ್ತ್ರದ ಮೇಲೆ ಆಸೆಯುಳ್ಳವರೆಲ್ಲರೂ ಡಾಕ್ಟರರಾಗಬೇಕೆಂದು ಬಯಸುತ್ತೀರಿ. ಸೀಟು ಸಿಗದಿದ್ದರೆ ಜೀವನವೇ ವ್ಯರ್ಥವೆಂದು ಕೊರಗುತ್ತೀರಿ. ಶಸ್ತ್ರವೈದ್ಯನು ಎರಡು ಗಂಟೆಯಲ್ಲಿ ಮಾಡಿದ ಕೆಲಸವನ್ನು ಎರಡು ತಿಂಗಳು ಕಾಪಾಡಿ ಫಲಕ್ಕೆ ತರುವವರೂ ಬೇಕಲ್ಲವೆ? ಬಿತ್ತಿದವನೊಬ್ಬನಿಂದಲೇ ರಾಶಿಯಾಗುವುದಿಲ್ಲ. ಸೊಕ್ಕೆಯ ಹುಡುಗಿಯೊಬ್ಬಳು ಈ ವಿದ್ಯೆಯನ್ನು ಕಲಿತು ಅಳತೆಯ ಪಟ್ಟಿಯೊಡನೆ ತನ್ನ ಹೋಬಳಿಗೆ ಮರಳಿದರೆ, ಎಷ್ಟೋ ಮನೆಗಳಲ್ಲಿ ಮಲಗಿದವರು ಎದ್ದಾರು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿಯೇ ಯಾರಾದರೂ ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದಿದ್ದರೆ, ಡಾಕ್ಟರನ್ನು ಕೇಳಿ ಅವರು ಒಪ್ಪಿದ ವ್ಯಾಯಾಮವನ್ನು ದಿನಕ್ಕೆರಡು ಹೊತ್ತು ಎದುರಿಗೆ ಕುಳಿತು ಮಾಡಿಸಿರಿ. ಎಷ್ಟು ಸಲ ಮಾಡಿದರೆಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಿರಿ. ಅದಕ್ಕೆ ಯಾವ ಪಟ್ಟಿಯೂ ಬೇಡ.